ಮನೆಯವರೊಬ್ಬರು ಜೈಲಿನಲ್ಲಿದ್ದಾಗ: ಕೋರ್ಟು, ಸಂದರ್ಶನ, ಜಾಮೀನು

ಮಗನನ್ನೋ ಗಂಡನನ್ನೋ ಪೊಲೀಸರು ಕರೆದೊಯ್ದ ಮನೆಯಲ್ಲಿ ಮೊದಲ ಎರಡು ದಿನ ಯಾರಿಗೂ ಏನೂ ತೋಚುವುದಿಲ್ಲ. ಅಕ್ಕಪಕ್ಕದವರು ತಲೆಗೊಂದು ಹೇಳುತ್ತಾರೆ. ಯಾರೋ ಮುಖಂಡರು ‘ನಾನ್ ಮಾತಾಡ್ತೀನಿ ಬಿಡಿ’ ಅನ್ನುತ್ತಾರೆ. ಅವರನ್ನು ನಂಬಿ ಕೂತವರ ಕೈಯಿಂದ ಆ ಎರಡು ದಿನ ಜಾರಿಹೋಗುತ್ತದೆ. ಕೆ.ಆರ್.ನಗರ ತಾಲ್ಲೂಕಿನ ಹೊಸ ಅಗ್ರಹಾರ ಹೋಬಳಿಯವರಿರಲಿ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ಕಡೆಯವರಿರಲಿ, ನ್ಯಾಯಾಂಗ ಬಂಧನಕ್ಕೆ ಒಳಗಾದವರ ಮನೆಯವರು ಬಹುಪಾಲು ಓಡಾಡಬೇಕಾಗುವುದು ಮೈಸೂರಿನ ಕೇಂದ್ರ ಕಾರಾಗೃಹಕ್ಕೆ. ಆದರೆ ಮೈಸೂರಿನ ಬಸ್ಸು ಹತ್ತುವ ಮುನ್ನ ನಿಮ್ಮ ತಾಲ್ಲೂಕಿನ ಕೋರ್ಟಿಗೆ ಒಮ್ಮೆ ಹೋಗಿಬನ್ನಿ. ಒಳಗಿರುವವರ ಮುಖ ನೋಡುವುದು ಸಂದರ್ಶನದಲ್ಲಿ. ಅವರನ್ನು ಹೊರಗೆ ತರುವ ಕೆಲಸ ಶುರುವಾಗುವುದು ಆ ಕೋರ್ಟಿನ ಆವರಣದಲ್ಲಿ.

ಠಾಣೆಯಲ್ಲಿ ಕೇಳಬೇಕಾದದ್ದು

2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಬಂಧಿಸಿದ ಕಾರಣವನ್ನು ಬಂಧಿತರಿಗೆ ತಿಳಿಸಬೇಕು, ಅವರು ಹೇಳಿದ ಸಂಬಂಧಿಕರಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಠಾಣೆಯಲ್ಲಿ ವಾದಕ್ಕೆ ನಿಲ್ಲಬೇಡಿ. ಎಫ್‌ಐಆರ್‌ನ ಕ್ರೈಂ ನಂಬರ್, ಹಾಕಿರುವ ಕಲಮುಗಳು, ಯಾವ ಕೋರ್ಟಿಗೆ ಹಾಜರುಪಡಿಸುತ್ತಾರೆ ಎಂಬ ಮೂರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವಕೀಲರು ಮೊದಲು ಕೇಳುವುದು ಇದನ್ನೇ. ಬಂಧಿತರಿಗೆ ಸಕ್ಕರೆ ಕಾಯಿಲೆ, ಮೂರ್ಛೆ, ಮಾನಸಿಕ ಚಿಕಿತ್ಸೆ ಏನಾದರೂ ನಡೆಯುತ್ತಿದ್ದರೆ ವೈದ್ಯರ ಚೀಟಿಯ ಪ್ರತಿಯನ್ನು ಅಂದೇ ಕೊಡಿ.

ವಕೀಲರಿಗೆ ದುಡ್ಡಿಲ್ಲದಿದ್ದರೆ

ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಕಲಮಿನ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆದರೂ ಉಚಿತ ವಕೀಲರು ಸಿಗಬೇಕು. ಇದಕ್ಕೆ ಆದಾಯದ ಮಿತಿ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಣ್ಣುಮಕ್ಕಳಿಗೆ ಬಂಧನದಲ್ಲಿಲ್ಲದಾಗಲೂ ಈ ಹಕ್ಕಿದೆ. ಹೊಸ ಅಗ್ರಹಾರದ ಕಡೆಯವರಾದರೆ ಕೆ.ಆರ್.ನಗರದ, ಬೇರೆಯವರಾದರೆ ತಮ್ಮ ತಾಲ್ಲೂಕಿನ ಕೋರ್ಟಿಗೆ ಹೋಗಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ಕೇಳಿ, ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಡಿ. ಬರೆಯಲು ಬಾರದಿದ್ದರೆ ಅಲ್ಲಿಯವರೇ ಬರೆದುಕೊಳ್ಳುತ್ತಾರೆ. ಅಷ್ಟು ದೂರ ಹೋಗಲಾಗದವರು 15100ಕ್ಕೆ ಫೋನ್ ಮಾಡಬಹುದು. ಜೈಲಿನೊಳಗೂ ಕಾನೂನು ನೆರವು ಕೇಂದ್ರ ಇರುತ್ತದೆ. ವಕಾಲತ್ತಿಗೆ ಒಳಗಿರುವವರ ಸಹಿ ಜೈಲು ಅಧಿಕಾರಿಗಳ ಮುಂದೆ ಆಗುತ್ತದೆ, ಅದಕ್ಕೆ ಮನೆಯವರು ಅಲೆಯಬೇಕಿಲ್ಲ.

‘ಸರ್ಕಾರದ ವಕೀಲರು ಸರಿಯಾಗಿ ನಡೆಸಲ್ಲ’ ಎಂದು ಹೇಳಿ ಹಸು ಮಾರಿಸುವವರು ಕೋರ್ಟಿನ ಸುತ್ತ ಸಿಗುತ್ತಾರೆ. ಕಿವಿಗೊಡಬೇಡಿ. ಕಾನೂನು ನೆರವಿನ ವಕೀಲರು ಕೇಸು ಗಮನಿಸುತ್ತಿಲ್ಲ ಅನ್ನಿಸಿದರೆ ಬೇರೆಯವರನ್ನು ಕೊಡಿ ಎಂದು ಸಮಿತಿಗೆ ಬರೆದುಕೊಡಬಹುದು. ಊರಿನಲ್ಲಿ ‘ಒಳಗೆ ಹೋದವನು ಏನೋ ಮಾಡಿಯೇ ಇರ್ತಾನೆ’ ಎಂಬ ಮಾತೂ ಬರುತ್ತದೆ. ಅದಕ್ಕೆ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆಯ ಪ್ರಕರಣವೇ ಉತ್ತರ. ಹೆಂಡತಿಯನ್ನು ಕೊಂದನೆಂಬ ಆರೋಪದಲ್ಲಿ ಕುಶಾಲನಗರ ಕಡೆಯ ಆದಿವಾಸಿ ಕೂಲಿಕಾರರೊಬ್ಬರು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದರು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯಲ್ಲಿ ಜೀವಂತ ಕಣ್ಣಿಗೆ ಬಿದ್ದರು. ಮೈಸೂರಿನ ನ್ಯಾಯಾಲಯ ಆ ಕೂಲಿಕಾರರನ್ನು ಖುಲಾಸೆ ಮಾಡಿ 1 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ವಿಚಾರಣಾಧೀನ ಎಂದರೆ ಅಪರಾಧಿ ಅಲ್ಲ. ಹೋಗಿ ನೋಡಲು ನಾಚಿಕೆಪಡುವ ಮನೆಯವರು ಇದನ್ನು ನೆನಪಿಡಬೇಕು.

ಸಂದರ್ಶನಕ್ಕೆ ಹೋಗುವಾಗ

ಜೈಲಿನ ಭಾಷೆಯಲ್ಲಿ ಭೇಟಿಗೆ ‘ಸಂದರ್ಶನ’ ಅನ್ನುತ್ತಾರೆ. ಒಳಗೆ ಹೋದ ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಡುತ್ತಾರೆ: ವಿಚಾರಣೆಯಲ್ಲಿರುವವರಿಗೆ ಯುಟಿಪಿ, ಶಿಕ್ಷೆಯಾದವರಿಗೆ ಸಿಟಿಪಿ. ಆ ನಂಬರ್ ಗೊತ್ತಿದ್ದರೆ ಗೇಟಿನಲ್ಲಿ ಅರ್ಧ ಕೆಲಸ ಮುಗಿದ ಹಾಗೆ. ವಿಚಾರಣಾಧೀನರಿಗೆ ಸಿಗುವಷ್ಟು ಸಂದರ್ಶನ ಶಿಕ್ಷೆಯಾದವರಿಗೆ ಸಿಗುವುದಿಲ್ಲ. ಸರ್ಕಾರಿ ರಜೆಯ ದಿನ ಹೋಗಿ ಗೇಟಿನಿಂದ ವಾಪಸ್ ಬರುವುದು ಬೇಡ. ದಿನ, ಹೊತ್ತು ಮೊದಲೇ ವಿಚಾರಿಸಿ. ಸ್ಮಾರ್ಟ್ ಫೋನ್ ಬಳಸುವ ಹುಡುಗರು ಮನೆಯಲ್ಲಿದ್ದರೆ ಇ-ಪ್ರಿಸನ್ಸ್ ತಾಣದ ‘ಇ-ಮುಲಾಕಾತ್’ನಲ್ಲಿ ಕೈದಿಯ ಹೆಸರು, ತಂದೆಯ ಹೆಸರು ಹಾಕಿ ಹೆಸರು ನೋಂದಾಯಿಸಬಹುದು. ವಿಡಿಯೊ ಸಂದರ್ಶನಕ್ಕೂ ಅಲ್ಲೇ ಕೋರಿಕೆ ಸಲ್ಲಿಸಬಹುದು. ವಯಸ್ಸಾದ ತಾಯಂದಿರಿಗೆ ಇದು ದೊಡ್ಡ ಅನುಕೂಲ.

ಆಧಾರ್ ಕಾರ್ಡಿನ ಮೂಲಪ್ರತಿ, ಜತೆಗೆ ಜೆರಾಕ್ಸ್ ಇಟ್ಟುಕೊಳ್ಳಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಅಲ್ಲೂ ಅದೇ ಕಾರ್ಡು ಸಾಕು. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಒಂದು ದಿನದ ಕೂಲಿ ಹೋಗುವುದೇ ಕಷ್ಟ, ಚಾರ್ಜಾದರೂ ಉಳಿಯಲಿ.

ಮೊಬೈಲನ್ನು ಒಳಗೆ ಬಿಡುವುದಿಲ್ಲ. ಜೇಬಿನಲ್ಲಿ ಮರೆತ ಬೀಡಿ ಕಟ್ಟು, ಬೆಂಕಿಪೊಟ್ಟಣ, ಎಲೆಅಡಿಕೆ ಜತೆಗಿನ ತಂಬಾಕಿನ ಚೂರು ಕೂಡ ತಪಾಸಣೆಯಲ್ಲಿ ತೊಂದರೆ ತರುತ್ತವೆ. ಸೆರಗಿನ ಗಂಟು, ಸೊಂಟದ ಚೀಲ ಎಲ್ಲವನ್ನೂ ಬಸ್‌ಸ್ಟ್ಯಾಂಡಿನಲ್ಲೇ ಬಿಚ್ಚಿ ನೋಡಿಕೊಳ್ಳಿ. ‘ಇದನ್ನ ನಮ್ ಹುಡುಗನಿಗೂ ಕೊಟ್ಬಿಡಮ್ಮ’ ಎಂದು ಗೇಟಿನ ಹತ್ತಿರ ಅಪರಿಚಿತರು ಕೊಡುವ ಯಾವುದನ್ನೂ ಮುಟ್ಟಬೇಡಿ. ಒಳಗೆ ಏನಿದ್ದರೂ ಕೇಸು ನಿಮ್ಮ ಮೇಲೇ ಬೀಳುತ್ತದೆ.

ಸಿಗುವುದು ಕೆಲವೇ ನಿಮಿಷ. ಆಚೀಚೆ ಹತ್ತಾರು ಜನ ಒಟ್ಟಿಗೆ ಕೂಗಿ ಮಾತಾಡುತ್ತಿರುತ್ತಾರೆ, ಅರ್ಧ ಮಾತು ಕೇಳಿಸುವುದೇ ಇಲ್ಲ. ಅಳುವುದರಲ್ಲೇ ಹೊತ್ತು ಕಳೆದು ಕೇಳಬೇಕಾದದ್ದನ್ನು ಮರೆತು ಬರುವವರು ಎಷ್ಟೋ ಮಂದಿ. ಮುಂದಿನ ವಾಯಿದೆ ಯಾವಾಗ, ವಕೀಲರು ಬಂದಿದ್ದರಾ, ಮೈ ಹುಷಾರಾಗಿದೆಯಾ, ಯಾರಾದರೂ ಹೆದರಿಸುತ್ತಿದ್ದಾರಾ ಎಂಬ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಘಟನೆ ಹೇಗಾಯಿತು, ಯಾರು ಎಲ್ಲಿದ್ದರು ಎಂಬುದನ್ನು ಅಲ್ಲಿ ಮಾತಾಡಬೇಡಿ, ಜೈಲಿನ ಫೋನಿನಲ್ಲೂ ಬೇಡ. ಅದು ವಕೀಲರ ಹತ್ತಿರ ಮಾತ್ರ ಆಡುವ ಮಾತು. ಮನೆಯ ಸುದ್ದಿ ಹೇಳಿ: ಮಗು ಶಾಲೆಗೆ ಹೋಗುತ್ತಿದೆ, ಎಮ್ಮೆ ಕರು ಹಾಕಿದೆ, ನಾಟಿ ಮುಗಿಯಿತು. ಒಳಗಿರುವವರು ಅದಕ್ಕಾಗಿಯೇ ವಾರವಿಡೀ ಕಾದಿರುತ್ತಾರೆ.

ವಿಚಾರಣಾಧೀನರು ತಮ್ಮ ಬಟ್ಟೆಯನ್ನೇ ತೊಡಬಹುದು, ಹಾಗಾಗಿ ಒಂದೆರಡು ಜತೆ ಸಾದಾ ಬಟ್ಟೆ, ಟವೆಲ್ ಒಯ್ಯಿರಿ. ಮನೆಯ ಮುದ್ದೆ, ಸಾರು ಒಳಗೆ ಹೋಗುವುದಿಲ್ಲ. ಖರ್ಚಿನ ದುಡ್ಡನ್ನು ಕೈದಿಯ ಹೆಸರಿನ ಖಾತೆಗೆ ಕಟ್ಟಿದರೆ ಒಳಗಿನ ಕ್ಯಾಂಟೀನಿನಲ್ಲಿ ಬಳಸಿಕೊಳ್ಳಬಹುದು. ಕೌಂಟರಿನಲ್ಲೇ ಕಟ್ಟಿ, ರಸೀದಿ ಪಡೆಯಿರಿ. ‘ಒಳಗೆ ಚೆನ್ನಾಗಿ ನೋಡ್ಕೋತೀವಿ, ಇಷ್ಟು ಹಾಕಿ’ ಎಂದು ಫೋನ್ ಬಂದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಹೊಟ್ಟೆನೋವು, ಜ್ವರ ಎಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. 2025ರ ಜನವರಿಯಲ್ಲಿ ಇದೇ ಮೈಸೂರು ಜೈಲಿನಲ್ಲಿ ಬೇಕರಿ ವಿಭಾಗಕ್ಕೆ ತಂದಿದ್ದ ಕೇಕ್ ಎಸೆನ್ಸ್ ಕುಡಿದು ಮೂವರು ಕೈದಿಗಳು ಪ್ರಾಣ ಕಳೆದುಕೊಂಡರು. ಆರೋಗ್ಯದ ವಿಷಯವನ್ನು ಅಧೀಕ್ಷಕರಿಗೆ ಬರವಣಿಗೆಯಲ್ಲೇ ಕೊಡಿ, ಒಂದು ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿ.

ಜಾಮೀನು ಸಿಕ್ಕಿಯೂ ಒಳಗೇ ಉಳಿದರೆ

ನಮ್ಮ ಕಡೆ ಜನ ಹೆಚ್ಚು ಸಿಕ್ಕಿಬೀಳುವುದು ಇಲ್ಲೇ. ಕೋರ್ಟು ಜಾಮೀನು ಕೊಟ್ಟಿರುತ್ತದೆ, ಶ್ಯೂರಿಟಿ ಸಿಕ್ಕಿರುವುದಿಲ್ಲ. ಶ್ಯೂರಿಟಿ ನಿಲ್ಲುವವರ ಆಧಾರ್ ಜತೆಗೆ ಅವರ ಹೆಸರಿನಲ್ಲೇ ಇರುವ ಪಹಣಿ ಬೇಕಾಗುತ್ತದೆ. ಜಮೀನು ತೀರಿಕೊಂಡ ತಾತನ ಹೆಸರಿನಲ್ಲೇ ಇದ್ದರೆ, ಎರಡೆಕರೆ ಉಳುತ್ತಿದ್ದರೂ ಆ ಪಹಣಿ ಕೋರ್ಟಿನಲ್ಲಿ ನಡೆಯುವುದಿಲ್ಲ. ಪೌತಿ ಖಾತೆ ಆಗಿರುವ ಅಣ್ಣತಮ್ಮಂದಿರು, ಭಾವ, ಮಾವ ಯಾರಿದ್ದಾರೆ ಎಂದು ಜಾಮೀನು ಅರ್ಜಿ ಹಾಕಿದ ದಿನವೇ ಹುಡುಕಿ. ಹೊಸ ಅಗ್ರಹಾರದ ನಾಡಕಚೇರಿಯಲ್ಲಿ ಹೊಸ ಪಹಣಿ ತೆಗೆಸಿಡಿ.

ಶ್ಯೂರಿಟಿಯೇ ಸಿಗದಿದ್ದರೆ ಸುಪ್ರೀಂ ಕೋರ್ಟಿನ 2023ರ ಜನವರಿ 31ರ ಆದೇಶ ನೆರವಿಗಿದೆ. ಜಾಮೀನಾಗಿ ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟು ತಾನಾಗಿ ಪರಿಶೀಲಿಸಬಹುದು. ಬಡ ಕೈದಿಗಳಿಗೆಂದು ಕೇಂದ್ರ ಸರ್ಕಾರ 2023ರಲ್ಲಿ ತಂದ ಯೋಜನೆಯಲ್ಲಿ ಜಾಮೀನಿಗೂ ದಂಡಕ್ಕೂ ಹಣದ ನೆರವಿದೆ. ಎರಡಕ್ಕೂ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಿ.

ಕೇಸು ಎಳೆಯುತ್ತಲೇ ಇದ್ದರೆ ಸುರಕ್ಷಾ ಸಂಹಿತೆಯ 479ನೇ ಕಲಮನ್ನು ವಕೀಲರಿಗೆ ನೆನಪಿಸಿ. ಮರಣದಂಡನೆ, ಜೀವಾವಧಿ ಶಿಕ್ಷೆಯ ಆರೋಪವಿಲ್ಲದೆ, ಬೇರೆ ಕೇಸೂ ಬಾಕಿ ಇಲ್ಲದೆ ಮೊದಲ ಬಾರಿಗೆ ಸಿಕ್ಕಿಕೊಂಡವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗಿದ್ದರೆ, ಅವರ ಬಿಡುಗಡೆಗೆ ಅಧೀಕ್ಷಕರೇ ಕೋರ್ಟಿಗೆ ಅರ್ಜಿ ಸಲ್ಲಿಸಬೇಕು. ಹಾಗೆಯೇ 60 ದಿನ, ಗಂಭೀರ ಕೇಸಾದರೆ 90 ದಿನದೊಳಗೆ ಆರೋಪಪಟ್ಟಿ ಬಾರದಿದ್ದರೆ ಜಾಮೀನು ಹಕ್ಕಾಗಿಯೇ ಸಿಗುತ್ತದೆ. ದಿನ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಆರೋಪಪಟ್ಟಿ ಬಂದ ಮೇಲೆ ಅರ್ಜಿ ಹಾಕಿದರೆ ಆ ಹಕ್ಕು ಹೋಯಿತು.

ಬಿಡುಗಡೆಯ ಆದೇಶ ಜೈಲು ಮುಟ್ಟಿ ಹೊರಬರುವಷ್ಟರಲ್ಲಿ ಸಂಜೆಯಾಗಬಹುದು. ಊರಿನ ಕಡೆಯ ಕೊನೆಯ ಬಸ್ಸು ಎಷ್ಟಕ್ಕೆಂದು ತಿಳಿದುಕೊಂಡು ಒಬ್ಬರು ಗೇಟಿನ ಬಳಿ ಇರಿ. ಜಾಮೀನಿನ ಆದೇಶದ ಪ್ರತಿಯನ್ನು ವಕೀಲರಿಂದ ಅಂದೇ ಪಡೆದು, ಷರತ್ತುಗಳನ್ನು ಓದಿಸಿ ಕೇಳಿಸಿಕೊಳ್ಳಿ. ಭಾನುವಾರ ಠಾಣೆಗೆ ಹೋಗಿ ಸಹಿ ಹಾಕಬೇಕೆಂದಿದ್ದರೆ, ಮನೆಯಲ್ಲಿ ಮದುವೆಯಿದ್ದರೂ ಅಂದು ಬೆಳಗ್ಗೆ ಮೊದಲು ಠಾಣೆಗೇ ಹೋಗಬೇಕು.