ಕೆಲ್ವಿನ್: ನದಿಯ ಹೆಸರು ಹೊತ್ತ ಮೂಲಮಾನ

ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ಗುಡ್ಡದ ಬುಡದಲ್ಲಿ ಒಂದು ಸಣ್ಣ ನದಿ ಹರಿಯುತ್ತದೆ. ಅದರ ಹೆಸರು ಕೆಲ್ವಿನ್. ತಾಪಮಾನದ ಅಂತರರಾಷ್ಟ್ರೀಯ ಮೂಲಮಾನಕ್ಕೆ ಹೆಸರು ಸಿಕ್ಕಿದ್ದು ಈ ನದಿಯಿಂದ, ಅದೂ ಒಬ್ಬ ವಿಜ್ಞಾನಿಯ ಮೂಲಕ.

1824ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ವಿಲಿಯಂ ಥಾಮ್ಸನ್ 22ನೇ ವಯಸ್ಸಿಗೇ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕರಾದರು. ಪಾದರಸ, ಗಾಳಿ ಹೀಗೆ ಯಾವುದೇ ವಸ್ತುವಿನ ಗುಣಕ್ಕೆ ಕಟ್ಟುಬೀಳದ ನಿರಪೇಕ್ಷ ತಾಪಮಾನ ಮಾಪಕದ ಕಲ್ಪನೆಯನ್ನು 1848ರಲ್ಲಿ ಮಂಡಿಸಿದರು. 1892ರಲ್ಲಿ ಬ್ರಿಟನ್ ಅವರಿಗೆ ಬ್ಯಾರನ್ ಪದವಿ ನೀಡಿತು. ಬಿರುದಿಗೆ ಅವರು ಇಟ್ಟುಕೊಂಡದ್ದು ತಮ್ಮ ವಿಶ್ವವಿದ್ಯಾಲಯದ ಪಕ್ಕದ ನದಿಯ ಹೆಸರನ್ನೇ. ಥಾಮ್ಸನ್ ಹೀಗೆ ಲಾರ್ಡ್ ಕೆಲ್ವಿನ್ ಆದರು.

1954ರಲ್ಲಿ ತೂಕ ಮತ್ತು ಅಳತೆಗಳ ಸಾಮಾನ್ಯ ಸಮ್ಮೇಳನ ಅವರ ಹೆಸರಿನ ತಾಪಮಾನದ ಮೂಲಮಾನವನ್ನು ನೀರಿನ ತ್ರಿಬಿಂದುವಿನ ಆಧಾರದ ಮೇಲೆ ನಿರೂಪಿಸಿತು. ಆಗ ಅದು ‘ಡಿಗ್ರಿ ಕೆಲ್ವಿನ್’. 1967ರಲ್ಲಿ ‘ಡಿಗ್ರಿ’ ಬಿದ್ದುಹೋಯಿತು. ಆದ್ದರಿಂದ ‘300 ಡಿಗ್ರಿ ಕೆಲ್ವಿನ್’ ತಪ್ಪು, ‘300 ಕೆಲ್ವಿನ್’ ಸರಿ. ಪರೀಕ್ಷೆಗಳ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಅಭ್ಯರ್ಥಿಗಳು ಎಡವುವುದು ಇಲ್ಲೇ.

ನೆನಪಿಡಬೇಕಾದ ಅಂಶಗಳು:

• ನಿರಪೇಕ್ಷ ಶೂನ್ಯ: 0 ಕೆಲ್ವಿನ್, ಅಂದರೆ −273.15 ಡಿಗ್ರಿ ಸೆಲ್ಸಿಯಸ್.

• ನೀರಿನ ತ್ರಿಬಿಂದು: 273.16 ಕೆಲ್ವಿನ್. ಮಂಜುಗಡ್ಡೆ, ನೀರು, ಆವಿ ಮೂರೂ ಸಮತೋಲನದಲ್ಲಿರುವ ಸ್ಥಿತಿಯಿದು.

• 2019ರ ಮೇ 20ರಿಂದ ಕೆಲ್ವಿನ್‌ಗೆ ಆಧಾರ ಬೋಲ್ಟ್ಸ್‌ಮನ್ ಸ್ಥಿರಾಂಕ.

• ಏಳು ಅಂತರರಾಷ್ಟ್ರೀಯ ಮೂಲಮಾನಗಳಲ್ಲಿ ವ್ಯಕ್ತಿಗಳ ಗೌರವಾರ್ಥ ಹೆಸರಿಟ್ಟವು ಎರಡೇ: ಆಂಪಿಯರ್ ಮತ್ತು ಕೆಲ್ವಿನ್.