ವರ್ಷಾವಾಸದ ಓದಿಗೆ ಹೊಸ ಹೊತ್ತು





ಆಷಾಢ ಹುಣ್ಣಿಮೆಯಿಂದ ಆಶ್ವೀಜ ಹುಣ್ಣಿಮೆಯವರೆಗೆ ಮೂರು ತಿಂಗಳು ವರ್ಷಾವಾಸ. ಈ ಅವಧಿಯಲ್ಲಿ ಪ್ರತಿ ಮನೆಯಲ್ಲೂ ಬಾಬಾಸಾಹೇಬರ ‘ಬುದ್ಧ ಮತ್ತು ಅವನ ಧಮ್ಮ’ ಓದಿ ಮುಗಿಸಬೇಕೆಂಬುದು ನಮ್ಮ ಸಂಕಲ್ಪ. ಆದರೆ ನಮ್ಮ ಕಡೆ ಇವು ಎಂಥ ತಿಂಗಳುಗಳು? ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯಲ್ಲಿ ಹೊಗೆಸೊಪ್ಪು ಮುರಿಯುವ, ಕಡ್ಡಿಗೆ ಕಟ್ಟುವ, ರಾತ್ರಿಯೆಲ್ಲ ಬ್ಯಾರನ್‌ಗೆ ಸೌದೆ ಹಾಕುವ ಕಾಲ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಭತ್ತದ ನಾಟಿ. ಹುಣ್ಣಿಮೆಯ ದಿನ ಮೇಣದಬತ್ತಿ ಹಚ್ಚಿ ತೆರೆದ ಪುಸ್ತಕ ಎಷ್ಟೋ ಮನೆಗಳಲ್ಲಿ ಎರಡನೇ ಖಂಡ ದಾಟುವುದಿಲ್ಲ. ಇರುವುದು 8 ಖಂಡ.

‘ನಮ್ಮ ಜನಕ್ಕೆ ಓದುವ ಛಲ ಇಲ್ಲ’ ಎಂದು ವೇದಿಕೆ ಮೇಲೆ ಬೈಯುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಬೆಳಗಿನಿಂದ ಸೊಪ್ಪು ಕಟ್ಟಿದ ಕೈ ರಾತ್ರಿ ಎಂಟೂವರೆಗೆ ಪುಸ್ತಕ ಹಿಡಿದರೆ ನಿದ್ದೆ ಬರದೆ ಇನ್ನೇನು ಬಂದೀತು? ಊಟವಾದ ಮೇಲೆ ಓದುವುದು ಸಂಬಳದ ಕೆಲಸ ಇರುವವರ ಮನೆಯ ರೂಢಿ. ಬ್ಯಾರನ್ ಇರುವ ಮನೆಗೆ ಅದು ಒಗ್ಗುವುದಿಲ್ಲ.

ಬಾಬಾಸಾಹೇಬರ ಬಾಲ್ಯ ನೆನಪಿಸಿಕೊಳ್ಳಿ. ಮುಂಬೈಯ ಪರೇಲಿನ ಚಾಳಿನಲ್ಲಿ ಇಡೀ ಸಂಸಾರಕ್ಕೆ ಒಂದೇ ಕೋಣೆ. ಅಡುಗೆ, ಪಾತ್ರೆ, ಸೌದೆ, ಬೀಸುವ ಕಲ್ಲು ಎಲ್ಲ ಅಲ್ಲೇ, ಜೊತೆಗೊಂದು ಮೇಕೆ. ಸಂಜೆ ಅಲ್ಲಿ ಓದು ಸಾಗುವಂತಿರಲಿಲ್ಲ. ತಂದೆ ರಾಮ್‌ಜಿಯವರು ಉಪದೇಶ ಮಾಡುತ್ತ ಕೂರಲಿಲ್ಲ. ಮಗನನ್ನು ಬೇಗ ಮಲಗಿಸಿ, ತಾವು ಎಚ್ಚರವಿದ್ದು, ರಾತ್ರಿ 2 ಗಂಟೆಗೆ ಎಬ್ಬಿಸಿ ಓದಲು ಕೂರಿಸುತ್ತಿದ್ದರು. ಅವನು ಎದ್ದ ಜಾಗದಲ್ಲಿ ತಾವು ಮಲಗುತ್ತಿದ್ದರು. 1907ರಲ್ಲಿ ಮೆಟ್ರಿಕ್ ಪಾಸಾದ ಹುಡುಗನ ಹಿಂದೆ ಈ ಏರ್ಪಾಡು ಇತ್ತು.

1913ರಲ್ಲಿ ನ್ಯೂಯಾರ್ಕಿಗೆ ಹೋದ ಮೇಲೆ ಮೊದಲ ಕೆಲವು ತಿಂಗಳು ಗೆಳೆಯರ ಜೊತೆ ಆಟ, ಓಡಾಟದಲ್ಲಿ ಕಳೆದವೆಂದು ಧನಂಜಯ ಕೀರ್ ಬರೆದಿದ್ದಾರೆ. ನಮ್ಮ ಭಾಷಣಗಳಲ್ಲಿ ಆ ತಿಂಗಳುಗಳು ಬರುವುದೇ ಇಲ್ಲ, 18 ಗಂಟೆ ಓದಿದ ಮಾತು ಮಾತ್ರ ಬರುತ್ತದೆ. ಎರಡನ್ನೂ ಹೇಳಿದರೆ ನಮ್ಮ ಹುಡುಗರಿಗೆ ಧೈರ್ಯ ಹೆಚ್ಚು. ದಿನಚರಿಯನ್ನು ಅವರೂ ಒಂದು ದಿನ ಕೂತು ಬದಲಾಯಿಸಿಕೊಂಡದ್ದೇ. 1917ರಲ್ಲಿ ವಿದ್ಯಾರ್ಥಿವೇತನ ಮುಗಿದು ಲಂಡನ್ ಓದು ಅರ್ಧಕ್ಕೆ ನಿಂತಿತು. ಮುಂಬೈಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ಹಣ ಕೂಡಿಟ್ಟು, ಸಾಲದ್ದಕ್ಕೆ ಸಾಲ ಮಾಡಿ, 1920ರಲ್ಲಿ ಮತ್ತೆ ಹೊರಟರು. 1923ರಲ್ಲಿ ಡಿ.ಎಸ್‌ಸಿ. ಪದವಿ ಬಂತು.

ಹೊತ್ತು ಬದಲಾದರಷ್ಟೇ ಸಾಲದು, ಕಲಿಯುವ ಬಗೆಯೂ ಬದಲಾಗಬೇಕಾಗುತ್ತದೆ. ಚುಲ್ಲಪಂಥಕ ಭಿಕ್ಕುವಿನ ಕಥೆ ಧಮ್ಮಪದದ ಅಟ್ಠಕಥೆಯಲ್ಲಿದೆ. ನಾಲ್ಕು ತಿಂಗಳಾದರೂ ಒಂದು ಗಾಥೆ ಬಾಯಿಗೆ ಬರಲಿಲ್ಲ. ಸಂಘದಲ್ಲೇ ಇದ್ದ ಸ್ವಂತ ಅಣ್ಣ ‘ನಿನ್ನಿಂದಾಗದು, ಹೊರಡು’ ಎಂದುಬಿಟ್ಟ. ಬುದ್ಧರು ಅವನಿಗೆ ಇನ್ನೊಂದು ಗಾಥೆ ಕೊಡಲಿಲ್ಲ. ಒಂದು ಬಿಳಿ ಬಟ್ಟೆ ಕೊಟ್ಟು ಉಜ್ಜುತ್ತಾ ಕೂರು ಎಂದರು. ಬಟ್ಟೆ ಕೊಳೆಯಾಗುವುದನ್ನು ನೋಡುತ್ತಾ ನೋಡುತ್ತಾ ಅನಿಚ್ಚ ಎಂದರೇನೆಂದು ಅವನಿಗೆ ಹೊಳೆಯಿತು. ಕಥೆಯಲ್ಲಿ ಮುಂದೆ ಬರುವ ಪವಾಡಗಳನ್ನು ನಾವು ಬಿಡಬಹುದು. ಇಷ್ಟು ಭಾಗ ಪ್ರತಿಯೊಬ್ಬ ಮೇಷ್ಟ್ರೂ ಇಟ್ಟುಕೊಳ್ಳಬೇಕಾದ್ದು.

ನಮ್ಮ ಹತ್ತನೇ ತರಗತಿಯಲ್ಲಿ ಪಿರಿಯಾಪಟ್ಟಣ ಕಡೆಯ ಹುಡುಗಿಯೊಬ್ಬಳಿದ್ದಾಳೆ. ಮೊದಲು ಸೊಪ್ಪು ಕಟ್ಟಿ ಬಂದು ರಾತ್ರಿ ಹತ್ತರವರೆಗೆ ಪುಸ್ತಕದ ಮೇಲೆ ತೂಕಡಿಸುತ್ತಿದ್ದಳು. ಈಗ ಎಂಟಕ್ಕೇ ಮಲಗುತ್ತಾಳೆ. ಬ್ಯಾರನ್ ಮುಂದೆ ಕಾಯುವ ಅವರಪ್ಪ ನಾಲ್ಕಕ್ಕೆ ಬಂದು ಬಾಗಿಲು ಬಡಿದು ಹೋಗುತ್ತಾರೆ. ಅವರಿಗೆ ಅಕ್ಷರ ಬರುವುದಿಲ್ಲ. ಪಾಠವನ್ನು ಹತ್ತು ಸಲ ಓದುವುದನ್ನು ಬಿಟ್ಟು, ಒಂದು ಸಲ ಓದಿ ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆಯುತ್ತಾಳೆ. ಗಣಿತ ಇನ್ನೂ ಕಷ್ಟವೇ. ಸಮಾಜ ವಿಜ್ಞಾನದಲ್ಲಿ ಕೈ ಎತ್ತುತ್ತಿದ್ದಾಳೆ.

ದೊಡ್ಡವರಿಗೂ ಇದೇ ದಾರಿ ಇದೆ, ಅದಕ್ಕೆ ಕಣ್ಣಿನ ಓದೇ ಬೇಕಿಲ್ಲ. ನಮ್ಮ ಸೀಮೆಯಲ್ಲಿ ನೀಲಗಾರರು ರಾತ್ರಿಯಿಡೀ ಮಂಟೇಸ್ವಾಮಿ ಕಥೆ ಹಾಡುತ್ತಿದ್ದಾಗ ಅಜ್ಜಿಯರು ಕೇಳಿ ಕೇಳಿಯೇ ಕಲಿತರು. ಆ ಪೂಜೆ ಬಿಟ್ಟು ಬಂದಿದ್ದೇವೆ, ಕೇಳಿ ಕಲಿಯುವ ಜಾಣ್ಮೆಯನ್ನು ಬಿಡಬೇಕಾಗಿಲ್ಲ. ಬುದ್ಧ ವಚನವೂ ಶ್ರೀಲಂಕಾದಲ್ಲಿ ಓಲೆಗೆ ಇಳಿಯುವ ಮೊದಲು ಶತಮಾನಗಳ ಕಾಲ ಭಾಣಕರ ಬಾಯಲ್ಲೇ ಉಳಿದುಬಂದದ್ದು.

ಇನ್ನು ನಮ್ಮ ಏರ್ಪಾಡು. ಸುಮಾರು 90 ದಿನಕ್ಕೆ 8 ಖಂಡ, ಅಂದರೆ ಖಂಡವೊಂದಕ್ಕೆ ಸರಾಸರಿ 11 ದಿನ. ರಾತ್ರಿಯ ಓದು ಇರುವುದಿಲ್ಲ. ಬೆಳಗಿನ ಜಾವ 4.30ಕ್ಕೆ ಆ ದಿನದ ಭಾಗ ಓದಿದ ಧ್ವನಿ ಸಂದೇಶ ಗುಂಪಿಗೆ ಬರುತ್ತದೆ, 15 ನಿಮಿಷದ್ದು. ಬ್ಯಾರನ್ ಮುಂದೆ ಕೂತವರು ಫೋನಿನ ಸ್ಪೀಕರ್ ಹಾಕಿಕೊಂಡು ಕೇಳಿ, ಪಕ್ಕದ ಬ್ಯಾರನ್‌ನವರನ್ನೂ ಕರೆಯಿರಿ. ನಾಟಿಗೆ ಹೋಗುವವರು ದಾರಿಯಲ್ಲಿ ಕೇಳಬಹುದು. ಭಾನುವಾರ ವಂದನೆ ಮುಗಿದ ಮೇಲೆ ಪುಸ್ತಕ ಮುಚ್ಚಿಟ್ಟು, ವಾರದಲ್ಲಿ ಕೇಳಿದ್ದನ್ನು ಒಬ್ಬೊಬ್ಬರೂ ತಮ್ಮ ಮಾತಲ್ಲಿ ಹೇಳಬೇಕು. ಅಕ್ಷರ ಬಾರದ ಅಮ್ಮಂದಿರು ಮೊದಲು ಮಾತಾಡಲಿ.

ನಾಳೆಯ ಭಾಗ: ಮೊದಲನೇ ಖಂಡ, ಸಿದ್ಧಾರ್ಥರ ಕುಲ ಮತ್ತು ಜನನ.

ಜೈ ಭೀಮ್. ನಮೋ ಬುದ್ಧಾಯ.