ಕಾವಲಿಗೆ ಸಸಿ ಒಯ್ಯಬೇಡಿ

ಜೂನ್ ಬಂತೆಂದರೆ ನಿಮ್ಮ ಕೈಗೆ ಸಸಿ ಬರುತ್ತದೆ, ಬಯಲು ಕಂಡಲ್ಲೆಲ್ಲ ಗುಂಡಿ ತೋಡುವ ಹುರುಪೂ ಬರುತ್ತದೆ. ಒಳ್ಳೆಯದೇ. ಮುದುಕ ತಣ್ಣೀರೆರಚುತ್ತಾನೆ ಎಂದುಕೊಂಡರೂ ಅಡ್ಡಿಯಿಲ್ಲ, ಒಂದು ಮಾತು ಕೇಳಿ ಮಕ್ಕಳೇ: ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಕಾವಲಿಗೆ ಮಾತ್ರ ಆ ಸಸಿ ಒಯ್ಯಬೇಡಿ.

ಜಯಮಂಗಲಿ ಕೃಷ್ಣಮೃಗ ಮೀಸಲು ಎಂದು 2007ರಲ್ಲಿ ಘೋಷಣೆಯಾದ ಆ ನೆಲ ಇರುವುದೇ ಸುಮಾರು 800 ಎಕರೆ. ಮರ ಕಡಿಮೆ, ನೆರಳು ಕಡಿಮೆ, ಬೇಸಿಗೆಯಲ್ಲಿ ಒಣಗಿದ ಹುಲ್ಲು ಬಿಟ್ಟರೆ ಕಣ್ಣಿಗೆ ಹೆಚ್ಚೇನೂ ಬೀಳದು. ಕಂದಾಯದ ಕಡತಗಳಲ್ಲಿ ಇಂಥ ನೆಲಕ್ಕೆಲ್ಲ ಬಂಜರು, ಖರಾಬು ಎಂದು ಬರೆದು ಬರೆದು ನಮಗೂ ಅದೇ ರೂಢಿಯಾಗಿದೆ. ಆದರೆ ಕೃಷ್ಣಮೃಗಕ್ಕೆ ಬೇಕಾದದ್ದು ಆ ಬೋಳುತನವೇ. ದೂರದಲ್ಲಿ ತೋಳ ತಲೆಯೆತ್ತಿದರೂ ಹಿಂಡಿಗೆ ಕಾಣಬೇಕು, ಕಂಡ ಗಳಿಗೆಯಲ್ಲಿ ಕಾಲು ಕೀಳಲು ತೆರಪಿರಬೇಕು. ಗಂಟೆಗೆ 80 ಕಿಲೋಮೀಟರ್ ಮುಟ್ಟುವ ಅದರ ಓಟ, ಶಿವಂಗಿ ಬೆನ್ನಟ್ಟುತ್ತಿದ್ದ ಕಾಲದ್ದು. ಆ ಚೀತಾ ನಮ್ಮ ದೇಶದಲ್ಲಿ ಅಳಿಯಿತೆಂದು 1952ರಲ್ಲೇ ಸಾರಿದರು. ಓಟ ಮಾತ್ರ ಉಳಿದಿದೆ. ಸಾಲುಮರಗಳ ನಡುವೆ ಅಂಥ ಓಟಕ್ಕೆ ಏನು ಬೆಲೆ?

ರಾಣೆಬೆನ್ನೂರಿನ ಕಡೆ ಒಮ್ಮೆ ನೋಡಿ. 1974ರಲ್ಲಿ ಕೃಷ್ಣಮೃಗಕ್ಕೆಂದೇ ಅಭಯಾರಣ್ಯವಾದ ಜಾಗ, 119 ಚದರ ಕಿಲೋಮೀಟರ್. ಅದರ ಬಹುಭಾಗ ನೀಲಗಿರಿ ತೋಪು. ನೆಟ್ಟವರು ದ್ರೋಹಿಗಳೇನಲ್ಲ, ಹಸಿರು ಬೆಳೆಸುತ್ತಿದ್ದೇವೆ ಎಂದೇ ನೆಟ್ಟರು. 1950ರಲ್ಲಿ ಆಗಿನ ಕೇಂದ್ರ ಸಚಿವ ಕೆ.ಎಂ. ಮುನ್ಷಿ ವನಮಹೋತ್ಸವ ಆರಂಭಿಸಿದ ಮೇಲೆ ದೇಶಕ್ಕೆ ದೇಶವೇ ಮರವೆಂದರೆ ಪುಣ್ಯ ಎಂದು ನಂಬಿತು. ರಾಣೆಬೆನ್ನೂರಿನ ಆ ಬಯಲಲ್ಲಿ ಒಂದು ಕಾಲಕ್ಕೆ ಎರೆಭೂತವೆಂಬ ದೊಡ್ಡ ಹಕ್ಕಿಯೂ ಇತ್ತು. ಈಗ ಆ ಹಕ್ಕಿಯನ್ನು ಕರ್ನಾಟಕದಲ್ಲಿ ನೋಡಬೇಕೆಂದರೆ ಸಿರುಗುಪ್ಪದ ಎರೆಹೊಲಗಳಲ್ಲಿ ಹುಡುಕಬೇಕು, ಅದೂ ಅದೃಷ್ಟವಿದ್ದರೆ. ಪುಣ್ಯದ ಕೆಲಸವನ್ನು ತಪ್ಪು ಜಾಗದಲ್ಲಿ ಮಾಡಿದರೆ ಪಾಪದಷ್ಟೇ ಕೆಡುಕಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನೀವು ನೆಡದಿದ್ದರೂ ತಾನೇ ಬರುವ ಗಿಡವೊಂದಿದೆ, ಬಳ್ಳಾರಿ ಜಾಲಿ. ದನ, ಕುರಿ ಅದರ ಸಿಹಿ ಕಾಯಿ ತಿಂದು ಹೋದಲ್ಲೆಲ್ಲ ಬೀಜ ಬಿತ್ತುತ್ತವೆ. ಕೃಷ್ಣಮೃಗವೂ ತಿನ್ನುತ್ತದೆ; ತನ್ನ ಮನೆಗೆ ತಾನೇ ಮುಳ್ಳುಬೇಲಿ ಹಾಕಿಕೊಳ್ಳುವ ಕೆಲಸ, ಪಾಪ, ಅದಕ್ಕೇನು ಗೊತ್ತು. ಜಾಲಿ ದಟ್ಟವಾದ ಕಡೆ ಕರಡ, ಗರಿಕೆ ಏಳುವುದಿಲ್ಲ, ಹಿಂಡೂ ಕಾಲಿಡುವುದಿಲ್ಲ.

ನಾಯಿಗಳ ಮಾತನ್ನೂ ಹೇಳಬೇಕು. ಈದ ಹೆಣ್ಣು ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ಮೇಯಲು ಹೋಗುತ್ತದೆ. ಮರಿ ಅಲುಗಾಡದೆ ಮಲಗಿರುತ್ತದೆ, ಅದಕ್ಕೆ ಗೊತ್ತಿರುವ ಉಪಾಯ ಅದೊಂದೇ. ಊರ ನಾಯಿಗಳ ಮೂಗಿನ ಮುಂದೆ ಅದು ನಡೆಯದು. ಕಾವಲಿನ ಅಂಚಿನಲ್ಲಿ ಕೋಳಿ ಅಂಗಡಿಯ ಕಸ ಸುರಿದರೆ ನಾಯಿಗಳ ಗುಂಪು ಅಲ್ಲೇ ಬಿಡಾರ ಹೂಡುತ್ತದೆ. ಇನ್ನು ಫೋಟೋಗಾಗಿ ಹಿಂಡಿನ ಹಿಂದೆ ಬೈಕು, ಜೀಪು ಓಡಿಸುವವರು ನಿಮ್ಮಲ್ಲೂ ಇದ್ದಾರೆ. ನಾಯಿಗೆ ಬುದ್ಧಿಯಿಲ್ಲ, ನಿಮಗಿದೆ.

ರೈತರ ಮೇಲೆ ಮಾತ್ರ ಹರಿಹಾಯಬೇಡಿ. ಹಗಲೆಲ್ಲ ನೀವು ಕಣ್ತುಂಬಿಕೊಂಡ ಹಿಂಡೇ ಸಂಜೆ ರಾಗಿ ಹೊಲಕ್ಕೆ, ಕಡಲೆಕಾಯಿ ಹೊಲಕ್ಕೆ ನುಗ್ಗುತ್ತದೆ. ಇದು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ, ಅವರು ಕಲ್ಲೆಸೆಯುವಂತೆಯೂ ಇಲ್ಲ. ಮಳೆ ಕೈಕೊಟ್ಟ ವರ್ಷ ಬೆಳೆಯೂ ಹೋದರೆ ಆ ಮನೆಯವರಿಗೆ ಜಿಂಕೆಯ ಚೆಂದ ವಿವರಿಸಲು ಹೋಗುವವನಷ್ಟು ದಡ್ಡ ಇನ್ನಿಲ್ಲ. ಬೆಳೆ ಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರವಿದೆ. ನಿಮ್ಮ ಕೈಯಲ್ಲಿರುವ ಫೋನಿನಿಂದ ಹೊಲದ ಫೋಟೋ ತೆಗೆಯಿರಿ, ಅರ್ಜಿ ಬರೆದುಕೊಡಿ, ದುಡ್ಡು ಬರುವವರೆಗೆ ಬೆನ್ನುಹತ್ತಿರಿ. ಕೃಷ್ಣಮೃಗಕ್ಕೆ ಇದಕ್ಕಿಂತ ದೊಡ್ಡ ಸೇವೆ ನನಗೆ ತೋಚುವುದಿಲ್ಲ.

ಸಸಿಗಳಿಗೆ ಶಾಲೆಯ ಅಂಗಳವಿದೆ, ರಸ್ತೆ ಬದಿಯಿದೆ, ಹಾಳುಬಿದ್ದ ಗುಂಡುತೋಪುಗಳಿವೆ. ಕಾವಲಿನಲ್ಲೂ ದುಡಿಯಬೇಕೆನಿಸಿದರೆ ವಲಯ ಅರಣ್ಯಾಧಿಕಾರಿಯನ್ನು ಕಂಡು ಒಪ್ಪಿಗೆ ಪಡೆಯಿರಿ. ಮಳೆ ಬಿದ್ದು ನೆಲ ಮೆತ್ತಗಾದಾಗ ಜಾಲಿಯ ಎಳೆಗಿಡ ಬೇರುಸಮೇತ ಕೈಗೆ ಬರುತ್ತದೆ. ಅದನ್ನು ಕೀಳಲು ಬನ್ನಿ.